ನಂಜೇರಿದಾಗ ಕಿಡ್ನಿಯ ಜೀವಕೋಶಗಳಲ್ಲಿ ಶಕ್ತಿಯ ಲೆಕ್ಕ ತಪ್ಪುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿದ ಮೇಲೆ ಕೊಡಗಿನ ಆಸ್ಪತ್ರೆಗಳ ತೀವ್ರ ನಿಗಾ ಘಟಕದ ಹೊರಗೆ, ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸಿ ಕುಳಿತ ಮನೆಯವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಾಲಿಗೆ ಗಾಯವಾಗಿತ್ತು, ಜ್ವರ ಬಂತು, ಅದು ಸರಿ. ಇದರ ನಡುವೆ ಕಿಡ್ನಿ ಎಲ್ಲಿಂದ ಬಂತು?" ಬಾಗಿಲ ಬಳಿ ನಿಂತು ಎರಡು ನಿಮಿಷದಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಡಲಾಗುವುದಿಲ್ಲ. ಆ ಎರಡು ನಿಮಿಷದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಸೆಪ್ಸಿಸ್ ಎಂದರೆ ರಕ್ತದಲ್ಲಿ ಕ್ರಿಮಿ ಸೇರುವುದೇ?

ನಮ್ಮ ಹಿರಿಯರು ಇದನ್ನು "ನಂಜೇರಿತು" ಎನ್ನುತ್ತಿದ್ದರು. ಆ ಮಾತು ಇಂದಿನ ವೈದ್ಯಕೀಯ ವ್ಯಾಖ್ಯೆಗೆ ಸಾಕಷ್ಟು ಹತ್ತಿರದಲ್ಲಿದೆ. 2016ರಲ್ಲಿ ಒಪ್ಪಿತವಾದ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆ ಹದ ತಪ್ಪಿ, ಅದರಿಂದ ಅಂಗಾಂಗಗಳೇ ಕೆಟ್ಟು ಪ್ರಾಣಕ್ಕೆ ಅಪಾಯ ಒದಗುವ ಸ್ಥಿತಿಯೇ ಸೆಪ್ಸಿಸ್. ಕ್ರಿಮಿ ರಕ್ತದಲ್ಲಿ ಸಿಗಲೇಬೇಕೆಂದಿಲ್ಲ. ಶ್ವಾಸಕೋಶದಲ್ಲಿ, ಮೂತ್ರಕೋಶದಲ್ಲಿ, ಕಾಲಿನ ಹುಣ್ಣಿನಲ್ಲಿ ಕುಳಿತೇ ಅದು ಇಡೀ ದೇಹವನ್ನು ಕದಡಬಲ್ಲದು. 2017ರ ಅಂದಾಜಿನಂತೆ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿ, ಸುಮಾರು 1.1 ಕೋಟಿ ಜನ ಸತ್ತರು. ಹೀಗೆ ಕೆಡುವ ಅಂಗಗಳಲ್ಲಿ ಮೂತ್ರಪಿಂಡ ಮೊದಲ ಸಾಲಿನದು.

ಇರುವುದು ಮುಷ್ಟಿಯಷ್ಟು ದೊಡ್ಡ ಎರಡು ಕಿಡ್ನಿ. ಅವುಗಳಿಗೆ ಅಷ್ಟು ಶಕ್ತಿ ಯಾಕೆ ಬೇಕು?

ಎರಡೂ ಮೂತ್ರಪಿಂಡಗಳ ತೂಕ ಸೇರಿಸಿದರೂ ದೇಹದ ತೂಕದ ಸುಮಾರು ಅರ್ಧ ಶೇಕಡಾ ಮಾತ್ರ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಶೇಕಡಾ 20ರಿಂದ 25ರಷ್ಟು ಅವುಗಳ ಪಾಲಿಗೆ ಹೋಗುತ್ತದೆ. ಆ ರಕ್ತದಿಂದ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಕೆಳಗಿಳಿಯುತ್ತದೆ. ನಾವು ಮೂತ್ರವಾಗಿ ಹೊರಹಾಕುವುದು ಒಂದೂವರೆ, ಎರಡು ಲೀಟರ್. ಉಳಿದದ್ದನ್ನೆಲ್ಲ ಸಣ್ಣ ನಾಳಿಕೆಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಸೋಸುವ ಕೆಲಸವನ್ನು ರಕ್ತದೊತ್ತಡವೇ ಮಾಡಿಬಿಡುವುದರಿಂದ ಅದಕ್ಕೆ ಹೆಚ್ಚು ಖರ್ಚಿಲ್ಲ. ಖರ್ಚೆಲ್ಲ ಹಿಂದಕ್ಕೆ ಎಳೆದುಕೊಳ್ಳುವುದರಲ್ಲಿದೆ. ಆ 180 ಲೀಟರಿನಲ್ಲಿ ಕರಗಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಸುಮಾರು ಒಂದೂವರೆ ಕಿಲೋ ಆಗುತ್ತದೆ. ಅಂಗಡಿಯ ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು, ಅದರ ಮೇಲೆ ಇನ್ನರ್ಧ ಪ್ಯಾಕೆಟ್ ಇಟ್ಟುಕೊಂಡರೆ ಎಷ್ಟೋ, ಅಷ್ಟನ್ನು ಮೂತ್ರಪಿಂಡ ಪ್ರತಿದಿನ ಹೊರಗೆ ಚೆಲ್ಲಿ, ಕೆಲವು ಗ್ರಾಂ ಬಿಟ್ಟು ಮಿಕ್ಕಿದ್ದನ್ನು ಮತ್ತೆ ಬಾಚಿ ಒಳಗೆ ಹಾಕಿಕೊಳ್ಳುತ್ತದೆ. ಬಾಚುವ ಯಂತ್ರದ ಹೆಸರು ಸೋಡಿಯಂ ಪೊಟ್ಯಾಸಿಯಂ ಪಂಪ್. 1957ರಲ್ಲಿ ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಸಂದಿತು. ಈ ಪಂಪ್ ಮೂರು ಸೋಡಿಯಂ ಕಣಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆಯುವ ಪ್ರತಿ ಸುತ್ತಿಗೂ ಒಂದು ಎಟಿಪಿ ಅಣುವನ್ನು ಕೂಲಿಯಾಗಿ ಪಡೆಯುತ್ತದೆ. ಸಾಲ ಹೇಳುವಂತಿಲ್ಲ, ಕೂಲಿ ಇಲ್ಲದಿದ್ದರೆ ಕೆಲಸವೂ ಇಲ್ಲ.

ಆ ಎಟಿಪಿ ಎಲ್ಲಿಂದ ಬರುತ್ತದೆ?

ಎಟಿಪಿ ಎಂಬುದು ಜೀವಕೋಶದ ಚಿಲ್ಲರೆ ಹಣ. ಅದನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಕಂಡುಕೊಂಡ ಕಾಲಕ್ಕೇ ಅಮೆರಿಕದಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ ಕೆಲಸ ಮಾಡುತ್ತಿದ್ದ ಭೀಮಾವರಂನ ಯೆಲ್ಲಾಪ್ರಗಡ ಸುಬ್ಬರಾವ್ ಕೂಡ ಸ್ವತಂತ್ರವಾಗಿ ಕಂಡುಕೊಂಡಿದ್ದರು. ನಮ್ಮ ಶಾಲಾ ಮಕ್ಕಳಿಗೆ ಈ ಹೆಸರು ಇನ್ನೂ ಸರಿಯಾಗಿ ತಲುಪಿಲ್ಲವೆಂಬ ಬೇಸರ ನನಗಿದೆ.

ಮೂತ್ರಪಿಂಡದ ನಾಳಿಕೆಯ ಮೊದಲ ಭಾಗ, ಅಂದರೆ ಸೋಸಿದ ಸೋಡಿಯಂನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಹಿಂದೆ ಪಡೆಯುವ ಭಾಗ, ತನ್ನ ಎಟಿಪಿಯನ್ನು ಮುಖ್ಯವಾಗಿ ಕೊಬ್ಬಿನಾಮ್ಲಗಳನ್ನು ಉರಿಸಿ ತಯಾರಿಸುತ್ತದೆ. ಉರಿಸುವ ಒಲೆ ಮೈಟೋಕಾಂಡ್ರಿಯಾ. ಹೃದಯವನ್ನು ಬಿಟ್ಟರೆ ಈ ಒಲೆಗಳು ಇಷ್ಟು ದಟ್ಟವಾಗಿ ತುಂಬಿರುವ ಅಂಗ ಮೂತ್ರಪಿಂಡವೇ. ಪಾಮಿಟಿಕ್ ಆಮ್ಲದ ಒಂದು ಅಣುವನ್ನು ಪೂರ್ತಿ ಉರಿಸಿದರೆ ಸುಮಾರು 106 ಎಟಿಪಿ ಸಿಗುತ್ತದೆ. ಗ್ಲೂಕೋಸಿನ ಒಂದು ಅಣುವನ್ನು ಪೂರ್ತಿ ಉರಿಸಿದರೆ 30ರಿಂದ 32. ಅದೇ ಗ್ಲೂಕೋಸನ್ನು ಮೈಟೋಕಾಂಡ್ರಿಯಾದೊಳಗೆ ಒಯ್ಯದೆ ಅರ್ಧದಲ್ಲೇ ಒಡೆದು ಬಿಟ್ಟರೆ ಕೇವಲ 2. ಈ ಕೊನೆಯ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರಕ್ತದೊತ್ತಡ ಸರಿಯಾಗಿದೆ ಎಂದು ಡಾಕ್ಟರೇ ಹೇಳಿದರು. ಹಾಗಿದ್ದೂ ಕಿಡ್ನಿ ಕೆಟ್ಟಿದ್ದು ಹೇಗೆ?

ಈ ಪ್ರಶ್ನೆ ವೈದ್ಯಲೋಕವನ್ನೂ ಬಹಳ ಕಾಲ ಕಾಡಿತು. ನಂಜಿನಲ್ಲಿ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಲದೆ ನಾಳಿಕೆಯ ಜೀವಕೋಶಗಳು ಸಾಯುತ್ತವೆ ಎಂದು ದಶಕಗಳ ಕಾಲ ಪಾಠ ಹೇಳಲಾಗುತ್ತಿತ್ತು. ರಕ್ತದೊತ್ತಡ ತೀರಾ ಬಿದ್ದವರಲ್ಲಿ ಅದು ನಿಜವೂ ಹೌದು. ಆದರೆ 2000ದ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಕುರಿಗಳಿಗೆ ಇ. ಕೋಲಿ ಬ್ಯಾಕ್ಟೀರಿಯಾ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ವಿಚಿತ್ರವಾದದ್ದು ಕಂಡಿತು: ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ಆದರೂ ಅದು ಸೋಸುವುದನ್ನು ಬಿಟ್ಟಿತ್ತು. ಸೆಪ್ಸಿಸ್‌ನಿಂದ ಸತ್ತವರ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಹೀಗೆಯೇ ಆಯಿತು. ಪೂರ್ತಿ ಕೈಕೊಟ್ಟ ಅಂಗದಲ್ಲಿ ಸತ್ತ ಜೀವಕೋಶಗಳ ರಾಶಿ ಕಾಣಬೇಕಿತ್ತು. ಕಂಡದ್ದು ಅಲ್ಲಲ್ಲಿ ಚೂರುಪಾರು ಹಾನಿ, ಹೆಚ್ಚಿನ ಜೀವಕೋಶಗಳು ಜೀವಂತ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಮೈಟೋಕಾಂಡ್ರಿಯಾಗಳು ಊದಿಕೊಂಡಿದ್ದವು.

ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಫೆಬ್ರವರಿಯಲ್ಲಿ ಹೂಮಳೆ ಬರದೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾಗಿದೆ ಎಂದುಕೊಳ್ಳಿ. ಕೆರೆ ತುಂಬಿದೆ, ಪೈಪು ಸರಿಯಾಗಿದೆ, ಪಂಪೂ ಹಳೆಯದಲ್ಲ. ಆದರೆ ಕರೆಂಟು ಒಂದು ಫೇಸಿನಲ್ಲಿ ಮಾತ್ರ ಬರುತ್ತಿದೆ. ಗುಂಡಿ ಒತ್ತಿದರೆ ಮೋಟಾರು ಗುಂಯ್ ಎನ್ನುತ್ತದೆ, ನೀರು ಏರುವುದಿಲ್ಲ. ಹಾಗೆಯೇ ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಕೆರೆಗೆ ಇನ್ನಷ್ಟು ನೀರು ತುಂಬಿಸಿ ಏನೂ ಪ್ರಯೋಜನವಿಲ್ಲ. ನಂಜಿನ ಮೂತ್ರಪಿಂಡದಲ್ಲಿ ನಡೆಯುವುದು ಬಹುಪಾಲು ಇದೇ.

ಒಂದು ತಿದ್ದುಪಡಿ ಹೇಳದಿದ್ದರೆ ತಪ್ಪಾಗುತ್ತದೆ. ಒಟ್ಟು ರಕ್ತದ ಹರಿವು ಚೆನ್ನಾಗಿದ್ದರೂ ಅದು ಎಲ್ಲ ಮೂಲೆಗೂ ಸಮವಾಗಿ ತಲುಪುತ್ತದೆ ಎಂದಲ್ಲ. ಮೂತ್ರಪಿಂಡದ ಒಳಭಾಗವಾದ ಮೆಡುಲ್ಲಾದಲ್ಲಿ ಆರೋಗ್ಯದ ದಿನಗಳಲ್ಲೇ ಆಮ್ಲಜನಕದ ಒತ್ತಡ 10ರಿಂದ 20 ಮಿಲಿಮೀಟರ್ ಪಾದರಸದಷ್ಟು ಕಡಿಮೆ. ನಂಜಿನಲ್ಲಿ ಸೂಕ್ಷ್ಮ ರಕ್ತನಾಳಗಳು ಊದಿ, ಕೆಲವು ಕಟ್ಟಿಕೊಂಡು, ರಕ್ತ ಅಡ್ಡದಾರಿ ಹಿಡಿದಾಗ ಮೊದಲು ಉಸಿರುಗಟ್ಟುವುದು ಈ ಭಾಗಕ್ಕೆ. ಮುಖ್ಯರಸ್ತೆಯಲ್ಲಿ ವಾಹನ ಸಾಲುಗಟ್ಟಿ ಓಡುತ್ತಿದ್ದರೂ ತೋಟದ ಕಾರ್ಮಿಕರ ಲೈನ್ ಮನೆಗಳ ದಾರಿಯಲ್ಲಿ ಮರ ಬಿದ್ದಿರಬಹುದು.

ಮೈಟೋಕಾಂಡ್ರಿಯಾಕ್ಕೆ ಸರಿಯಾಗಿ ಏನಾಗುತ್ತದೆ?

ಒಂದೇ ಏಟು ಬೀಳುವುದಿಲ್ಲ, ಹಲವು ಬೀಳುತ್ತವೆ. ಬ್ಯಾಕ್ಟೀರಿಯಾದ ಹೊರಪೊರೆಯ ಚೂರುಗಳೂ ದೇಹದ್ದೇ ಒಡೆದ ಜೀವಕೋಶಗಳ ಚೂರುಗಳೂ ರಕ್ತದೊಂದಿಗೆ ಸೋಸಿ ನಾಳಿಕೆಗೆ ಬರುತ್ತವೆ. ನಾಳಿಕೆಯ ಜೀವಕೋಶದ ಮೇಲೆ ಟಿಎಲ್‌ಆರ್-4 ಎಂಬ ಕಾವಲು ಪ್ರೋಟೀನ್ ಇದೆ. ಅದು ಈ ಚೂರುಗಳನ್ನು ಗುರುತಿಸಿ ಒಳಗೆ ಗಂಟೆ ಬಾರಿಸುತ್ತದೆ. ಉರಿಯೂತದ ಸಂಕೇತಗಳು ಹೊರಡುತ್ತವೆ, ನೈಟ್ರಿಕ್ ಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ತಯಾರಾಗುತ್ತದೆ. ಈ ಅನಿಲ ಮೈಟೋಕಾಂಡ್ರಿಯಾದ ಉಸಿರಾಟ ಸರಪಳಿಯ ಕೊನೆಯ ಕೊಂಡಿಯಲ್ಲಿ, ಅಂದರೆ ಆಮ್ಲಜನಕ ಕೂರಬೇಕಾದ ಜಾಗದಲ್ಲಿ, ತಾನೇ ಕೂತುಬಿಡುತ್ತದೆ. ಆಮ್ಲಜನಕ ಬಾಗಿಲಿಗೆ ಬಂದರೂ ಒಳಗೆ ಸೇರಿಸಿಕೊಳ್ಳುವವರಿಲ್ಲ.

ಇದರ ಜೊತೆಗೆ ಕೊಬ್ಬನ್ನು ಒಲೆಗೆ ಸಾಗಿಸುವ ಸಿಪಿಟಿ-1 ಎಂಬ ಕಿಣ್ವದಂಥವುಗಳ ತಯಾರಿ ಇಳಿಯುತ್ತದೆ. ಸೌದೆ ಒಲೆಗೆ ಹೋಗದೆ ಅಂಗಳದಲ್ಲೇ ಬಿದ್ದು, ನಾಳಿಕೆಯ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳಾಗಿ ಶೇಖರವಾಗುತ್ತದೆ. ಹೊಸ ಮೈಟೋಕಾಂಡ್ರಿಯಾ ಕಟ್ಟಲು ಆಜ್ಞೆ ಕೊಡುವ ಮೇಸ್ತ್ರಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನ್. ಇಲಿಗಳ ಮೇಲಿನ ಅಧ್ಯಯನಗಳಲ್ಲಿ ನಂಜಿನ ಸಮಯಕ್ಕೆ ಇದರ ಮಟ್ಟ ಕುಸಿದು, ಮೂತ್ರಪಿಂಡ ಚೇತರಿಸಿಕೊಳ್ಳುವಾಗ ಮತ್ತೆ ಏರುವುದು ಕಂಡಿದೆ. ಇದೇ ಮೇಸ್ತ್ರಿ ಎನ್‌ಎಡಿ ಎಂಬ ಸಹಕಿಣ್ವದ ಉತ್ಪಾದನೆಯನ್ನೂ ನೋಡಿಕೊಳ್ಳುತ್ತದೆ. ಎನ್‌ಎಡಿ ಇಲ್ಲದೆ ಕೊಬ್ಬಾಗಲಿ ಸಕ್ಕರೆಯಾಗಲಿ ಉರಿಯುವುದಿಲ್ಲ.

ಕೆಟ್ಟ ಮೈಟೋಕಾಂಡ್ರಿಯಾಗಳನ್ನು ಜೀವಕೋಶ ತಾನೇ ಕಿತ್ತು ಜೀರ್ಣಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಇಂಥ ಸ್ವಭಕ್ಷಣೆಯ ಮೂಲ ರಹಸ್ಯ ಬಿಡಿಸಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರ ನೊಬೆಲ್ ಬಂತು. ನಂಜಿನ ಮೊದಲ ಹಂತದಲ್ಲಿ ಈ ಕೆಲಸ ಚುರುಕಾಗಿ ನಡೆದರೆ ಜೀವಕೋಶ ಬದುಕಿಕೊಳ್ಳುತ್ತದೆ. ಕಸ ಉಳಿದುಕೊಂಡರೆ ಹಾಳಾದ ಒಲೆಗಳೇ ಹೊಗೆಯುಗುಳಿದಂತೆ ಆಮ್ಲಜನಕದ ಕ್ರಿಯಾಶೀಲ ರೂಪಗಳನ್ನು ಉಗುಳಿ ಅಕ್ಕಪಕ್ಕದ್ದನ್ನೂ ಕೆಡಿಸುತ್ತವೆ.

ಹಾಗಾದರೆ ಕಿಡ್ನಿ ಸತ್ತಿಲ್ಲ, ತಾನಾಗಿಯೇ ಕೆಲಸ ನಿಲ್ಲಿಸಿದೆ ಎನ್ನಬಹುದೇ?

ಬಹಳ ಮಟ್ಟಿಗೆ ಹೌದು. ಈ ಪುಟದ ಉಳಿದ ಮಾತೆಲ್ಲ ಮರೆತರೂ ಇದೊಂದು ಉಳಿಯಲಿ ಎಂಬುದು ನನ್ನ ಆಸೆ.

ಕೂಲಿ ಕೊಡಲು ಹಣವಿಲ್ಲದಾಗ ಯಜಮಾನ ಮೊದಲು ಮಾಡುವುದು ಕೆಲಸ ಕಡಿಮೆ ಮಾಡುವುದು. ನಾಳಿಕೆಯ ಜೀವಕೋಶವೂ ಸೋಡಿಯಂ ಎಳೆಯುವುದನ್ನು ತಗ್ಗಿಸಿ, ವಿಭಜನೆಯನ್ನು ತಡೆಹಿಡಿದು, ಪ್ರಾಣ ಉಳಿಸಿಕೊಳ್ಳಲು ಬೇಕಾದಷ್ಟಕ್ಕೆ ಮಾತ್ರ ಎಟಿಪಿಯನ್ನು ಮೀಸಲಿಡುತ್ತದೆ. ಎಳೆಯದೆ ಬಿಟ್ಟ ಉಪ್ಪು ನಾಳಿಕೆಯ ಮುಂದಿನ ಭಾಗಕ್ಕೆ ತಲುಪಿದಾಗ ಅಲ್ಲಿರುವ ಸಂವೇದಕ ಜೀವಕೋಶಗಳು ಅದನ್ನು ಗುರುತಿಸಿ, ಸೋಸುವ ಗುಚ್ಛಕ್ಕೆ ಬರುವ ರಕ್ತನಾಳವನ್ನು ಬಿಗಿಮಾಡುತ್ತವೆ. ಸೋಸುವುದೇ ಕಡಿಮೆಯಾದರೆ ಬಾಚುವ ಕೆಲಸವೂ ಕಡಿಮೆ. ಮೂತ್ರ ಇಳಿಮುಖವಾಗುವುದರ ಹಿಂದೆ ಇಂಥದೊಂದು ಜಾಣತನ ಇರಬಹುದೆಂದು ಟುರಾವ್ ಮತ್ತು ಬಾಯ್ಲನ್ ಎಂಬ ಇಬ್ಬರು ವಿಜ್ಞಾನಿಗಳು 1976ರಲ್ಲೇ ವಾದಿಸಿದ್ದರು: ದಿನಕ್ಕೆ 180 ಲೀಟರ್ ಸೋಸುತ್ತಾ ಎಳೆದುಕೊಳ್ಳುವುದನ್ನು ಮಾತ್ರ ನಿಲ್ಲಿಸಿದರೆ ಮನುಷ್ಯ ಕೆಲವೇ ಗಂಟೆಗಳಲ್ಲಿ ಒಣಗಿ ಸಾಯುತ್ತಾನೆ.

ಆದರೆ ಈ ಜಾಣತನಕ್ಕೂ ಮಿತಿ ಇದೆ. ಎರಡು ದಿನ ಬಾಗಿಲು ಮುಚ್ಚಿದ ಅಂಗಡಿ ಮತ್ತೆ ತೆರೆಯುತ್ತದೆ. ತಿಂಗಳುಗಟ್ಟಲೆ ಮುಚ್ಚಿದ್ದಕ್ಕೆ ಗೆದ್ದಲು ಹತ್ತುತ್ತದೆ. ನಂಜಿನ ಮೂಲ ಹತೋಟಿಗೆ ಬಾರದೆ ಉಳಿದರೆ ವಿಶ್ರಾಂತಿಗೆ ಕೂತ ಜೀವಕೋಶವೂ ಸಾಯುತ್ತದೆ, ಅಥವಾ ಬದುಕಿಯೂ ನಾರುಗಟ್ಟುವ ದಾರಿ ಹಿಡಿಯುತ್ತದೆ.

"ಲ್ಯಾಕ್ಟೇಟ್ 4 ಇದೆ" ಎಂದು ಗಾಬರಿಯಿಂದ ಹೇಳಿದರು. ಅದೇನು?

ಮೇಲೆ ನೆನಪಿಡಲು ಹೇಳಿದ 2 ಎಂಬ ಸಂಖ್ಯೆ ಇಲ್ಲಿ ಬರುತ್ತದೆ. ಮೈಟೋಕಾಂಡ್ರಿಯಾ ಕೈಕೊಟ್ಟಾಗ, ಅಥವಾ ಉರಿಯೂತದ ಸಂಕೇತಗಳು ಹಾಗೆ ಆಜ್ಞಾಪಿಸಿದಾಗ, ಜೀವಕೋಶವು ಆಮ್ಲಜನಕ ಇದ್ದರೂ ಗ್ಲೂಕೋಸನ್ನು ಅರ್ಧಕ್ಕೆ ಒಡೆದು, ಸಿಕ್ಕಿದ ಎರಡೇ ಎಟಿಪಿಯಲ್ಲಿ ದಿನ ದೂಡಿ, ಉಳಿದದ್ದನ್ನು ಲ್ಯಾಕ್ಟೇಟ್ ರೂಪದಲ್ಲಿ ಹೊರಗೆ ಬಿಡುತ್ತದೆ. ಗಡ್ಡೆಗಳ ಜೀವಕೋಶಗಳಲ್ಲಿ ಈ ವಿಚಿತ್ರವನ್ನು ಮೊದಲು ಗಮನಿಸಿದವರು ಓಟೋ ವಾರ್ಬರ್ಗ್. ನಂಜಿನಲ್ಲಿ ಏರುವ ಅಡ್ರಿನಾಲಿನ್ ಕೂಡ ಸ್ನಾಯುಗಳಿಂದ ಲ್ಯಾಕ್ಟೇಟ್ ಹೊರಡಿಸುತ್ತದೆ. ಅದನ್ನು ತೆಗೆದುಹಾಕಬೇಕಾದ ಯಕೃತ್ತು ಮತ್ತು ಮೂತ್ರಪಿಂಡ ಎರಡೂ ಸೋತಿರುತ್ತವೆ. ಹೀಗಾಗಿ ಲ್ಯಾಕ್ಟೇಟ್ ಏರಿದೆ ಎಂದರೆ ರಕ್ತ ಸಾಲದು ಎಂದೇ ಅರ್ಥವಲ್ಲ, ಏರಿದಷ್ಟೂ ಡ್ರಿಪ್ ಸುರಿಯಬೇಕೆಂದೂ ಅಲ್ಲ. ಆದರೆ ಅದು ಒಳ್ಳೆಯ ಎಚ್ಚರಿಕೆ ಗಂಟೆ. ದ್ರವ ಕೊಟ್ಟ ಮೇಲೂ ರಕ್ತದೊತ್ತಡ ನಿಲ್ಲಿಸಲು ಔಷಧ ಬೇಕಾಗಿ, ಜೊತೆಗೆ ಲ್ಯಾಕ್ಟೇಟ್ 2 ಮಿಲಿಮೋಲ್ ದಾಟಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಎನ್ನುತ್ತೇವೆ.

ಗ್ಲೂಕೋಸ್ ಬಾಟಲಿ ಹಾಕಿದರೆ ಶಕ್ತಿ ಬರುವುದಿಲ್ಲವೇ?

ಇಲ್ಲ. ಸೌದೆಯ ಕೊರತೆಯಲ್ಲ, ಒಲೆಯ ಕೊರತೆ. ರಕ್ತದಲ್ಲಿ ಸಕ್ಕರೆ ಕಡಿಮೆಯಾದವರಿಗೆ ಗ್ಲೂಕೋಸ್ ಬೇಕೇ ಬೇಕು. ಇತರರಿಗೆ ಅದು ರಕ್ತದ ಸಕ್ಕರೆ ಏರಿಸುವುದು ಬಿಟ್ಟರೆ ಮೂತ್ರಪಿಂಡಕ್ಕೆ ಏನನ್ನೂ ಮಾಡುವುದಿಲ್ಲ.

ನಿನ್ನೆ ಕ್ರಿಯಾಟಿನಿನ್ ಸರಿ ಇತ್ತು. ಒಂದೇ ರಾತ್ರಿಯಲ್ಲಿ ಹೀಗಾಯಿತೇ?

ಬಹುಶಃ ನಿನ್ನೆಯೇ ಆಗಿತ್ತು, ರಕ್ತ ಇಂದು ಹೇಳಿತು. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ. ಸೋಸುವುದು ನಿಂತ ಮೇಲೆ ಅದು ರಕ್ತದಲ್ಲಿ ಶೇಖರವಾಗಲು ಒಂದೆರಡು ದಿನ ಹಿಡಿಯುತ್ತದೆ. ಡ್ರಿಪ್‌ನ ದ್ರವ ಅದನ್ನು ತೆಳುಮಾಡುತ್ತದೆ. ನಂಜಿನಲ್ಲಿ ಅದರ ಉತ್ಪಾದನೆಯೇ ಇಳಿಯುತ್ತದೆಂದು ಇಲಿಗಳಲ್ಲಿ ಕಂಡಿದೆ. 48 ಗಂಟೆಯೊಳಗೆ 0.3 ಮಿಲಿಗ್ರಾಂ ಏರಿದರೂ, ಏಳು ದಿನದೊಳಗೆ ಮೂಲಮಟ್ಟದ ಒಂದೂವರೆ ಪಟ್ಟಾದರೂ ಅದು ಮೂತ್ರಪಿಂಡದ ತೀವ್ರ ಹಾನಿ ಎಂದು 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 0.7 ಇದ್ದದ್ದು 1.1 ಆದರೆ ಪ್ರಯೋಗಾಲಯದ ಚೀಟಿಯಲ್ಲಿ "ನಾರ್ಮಲ್" ಎಂದೇ ಇರುತ್ತದೆ, ಆದರೆ ಅದು ನಾರ್ಮಲ್ ಅಲ್ಲ.

ಆದ್ದರಿಂದ ನಾವು ಮಂಚದ ಪಕ್ಕ ತೂಗುವ ಮೂತ್ರದ ಚೀಲವನ್ನೇ ಹೆಚ್ಚು ನಂಬುತ್ತೇವೆ. ಚೀಲದ ಬಾಯಿಗೆ ಗೆರೆ ಹಾಕಿದ ಪುಟ್ಟ ಪಾರದರ್ಶಕ ಪೆಟ್ಟಿಗೆಯೊಂದಿರುತ್ತದೆ. ನರ್ಸ್ ಗಂಟೆಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ಅದನ್ನು ಓದಿ, ಹಾಳೆಯಲ್ಲಿ ಬರೆದು, ಪೆಟ್ಟಿಗೆಯನ್ನು ಓರೆಮಾಡಿ ಖಾಲಿ ಮಾಡುತ್ತಾರೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್, ಎಂದರೆ ಎರಡು ದೊಡ್ಡ ಚಮಚ, ಬರಬೇಕು. ಆರು ಗಂಟೆಗಳಲ್ಲಿ ಒಂದು ಲೋಟ ಕಾಫಿಯಷ್ಟೂ ಬರದಿದ್ದರೆ, ಅದು ಕಡುಚಹಾದ ಬಣ್ಣಕ್ಕೆ ತಿರುಗಿದ್ದರೆ, ರಕ್ತದ ವರದಿಗೆ ಕಾಯುವ ಅಗತ್ಯವಿಲ್ಲ. ಜೀವಕೋಶಗಳು ವಿಭಜನೆ ತಡೆಹಿಡಿದಾಗ ಮೂತ್ರಕ್ಕೆ ಬಿಡುವ ಎರಡು ಪ್ರೋಟೀನ್‌ಗಳನ್ನು ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿದೆ. ನಮ್ಮಲ್ಲಿ ಟಾರ್ಚೇ ಸಾಕು, ಅದನ್ನು ಹಿಡಿಯುವವರು ಇರಬೇಕಷ್ಟೆ.

ಇಲಿಜ್ವರದಲ್ಲಿ ಕಿಡ್ನಿ ಹಾಳಾಗುವುದೂ ಇದೇ ರೀತಿಯೇ?

ಭಾಗಶಃ ಇದೇ ರೀತಿ, ಭಾಗಶಃ ಬೇರೆ. ಲೆಪ್ಟೋಸ್ಪೈರಾ ಎಂಬ ಸುರುಳಿ ಬ್ಯಾಕ್ಟೀರಿಯಾ ಇಲಿ, ದನ, ಹಂದಿಗಳ ಮೂತ್ರದಿಂದ ಗದ್ದೆಯ ನೀರಿಗೆ ಸೇರಿ, ನಾಟಿ ಮಾಡುವವರ ಕಾಲಿನ ಬಿರುಕಿನಿಂದ ಒಳಹೊಕ್ಕು, ನೇರವಾಗಿ ಮೂತ್ರಪಿಂಡದ ನಾಳಿಕೆಗಳಲ್ಲಿ ಮನೆ ಮಾಡುತ್ತದೆ. ಅದರ ಹೊರಪೊರೆಯ ಅಂಶವೊಂದು ಸೋಡಿಯಂ ಪೊಟ್ಯಾಸಿಯಂ ಪಂಪನ್ನೇ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಇಲ್ಲಿ ಕರೆಂಟಿನ ಜೊತೆಗೆ ಮೋಟಾರಿಗೂ ಪೆಟ್ಟು. ಇದರಿಂದಾಗಿ ಇಲಿಜ್ವರದ ಅನೇಕ ರೋಗಿಗಳಲ್ಲಿ ಕ್ರಿಯಾಟಿನಿನ್ ಏರಿದ್ದರೂ ಮೂತ್ರ ಧಾರಾಳವಾಗಿ ಬರುತ್ತದೆ, ಪೊಟ್ಯಾಸಿಯಂ ಏರುವ ಬದಲು ಇಳಿದಿರುತ್ತದೆ. "ಮೂತ್ರ ಚೆನ್ನಾಗಿ ಹೋಗುತ್ತಿದೆ, ಕಿಡ್ನಿಗೆ ಏನೂ ಆಗಿಲ್ಲ" ಎಂಬ ಮನೆಯವರ ಸಮಾಧಾನ ಈ ಜ್ವರದಲ್ಲಿ ಸುಳ್ಳಾಗಬಹುದು. ಜ್ವರದ ಜೊತೆ ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು, ಆಮೇಲೆ ಹಳದಿ ಕಂಡರೆ ಗದ್ದೆಯಲ್ಲಿ ಇಳಿದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಇನ್ನೊಂದು ಜ್ವರ ಸ್ಕ್ರಬ್ ಟೈಫಸ್. ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಉಳಿಯುತ್ತದೆ, ಅದೂ ಕಂಕುಳಲ್ಲೋ ತೊಡೆಸಂದಿಯಲ್ಲೋ. ಸಂಕೋಚಪಟ್ಟು ತೋರಿಸದೆ ಉಳಿದರೆ ರೋಗ ತಿಳಿಯುವುದು ತಡವಾಗುತ್ತದೆ. ಈ ಎರಡೂ ಜ್ವರಗಳಿಗೆ ಬೇಗ ಕೊಟ್ಟರೆ ಕೆಲಸ ಮಾಡುವ ಡಾಕ್ಸಿಸೈಕ್ಲಿನ್ ಬಹಳ ಅಗ್ಗದ ಮಾತ್ರೆ.

ಜಿಗಣೆ ಕಚ್ಚಿದರೆ ನಂಜೇರುತ್ತದೆಯೇ?

ಕಚ್ಚುವುದರಿಂದ ಅಪರೂಪ. ಕೆರೆದು ಗಾಯ ಮಾಡಿಕೊಂಡು, ಅದೇ ಕಾಲಿನಲ್ಲಿ ಕೆಸರಿಗೆ ಇಳಿದರೆ ಕ್ರಿಮಿಗಳಿಗೆ ಬಾಗಿಲು ತೆರೆದಂತೆ.

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪು ತಿಂದ ಮೇಲೆ ಮೂತ್ರ ಕೆಂಪಾಯಿತು. ಕಿಡ್ನಿಗೆ ತೊಂದರೆಯೇ?

ಆಗಸ್ಟ್ 3ರ ಆಸುಪಾಸಿನಲ್ಲಿ, ಅಂದರೆ ಕೊಡವರ ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುವ ಹೊತ್ತಿಗೆ, ಪ್ರತಿವರ್ಷ ಈ ಪ್ರಶ್ನೆ ಬರುತ್ತದೆ, ಹೆಚ್ಚಾಗಿ ಕೊಡಗಿಗೆ ಸೊಸೆಯಾಗಿ ಬಂದವರಿಂದ ಮತ್ತು ಹೋಂಸ್ಟೇ ಅತಿಥಿಗಳಿಂದ. ಮದ್ದುಸೊಪ್ಪಿನ ನೇರಳೆ ಬಣ್ಣ ಪಾಯಸದಲ್ಲಿ ಹೇಗೆ ಇಳಿಯುತ್ತದೆಯೋ ಹಾಗೆಯೇ ಮೂತ್ರದಲ್ಲೂ ಇಳಿಯುತ್ತದೆ, ಮರುದಿನಕ್ಕೆ ಹೋಗಿಬಿಡುತ್ತದೆ. ಅದು ರಕ್ತವಲ್ಲ. ಆದರೆ ಕಕ್ಕಡ ಮಾಸವೇ ಜ್ವರಗಳ ಮಾಸವೂ ಆಗಿರುವುದರಿಂದ ಒಂದು ಮಾತು: ಜ್ವರ, ಚಳಿ, ಮೂತ್ರದ ಪ್ರಮಾಣ ಇಳಿದಿರುವುದು ಇವುಗಳ ಜೊತೆ ಬಣ್ಣ ಕೆಂಪಾಗಿದ್ದರೆ, ಅಥವಾ ಎರಡನೆಯ ದಿನವೂ ಹಾಗೆಯೇ ಇದ್ದರೆ, ಅದನ್ನು ಸೊಪ್ಪಿನ ತಲೆಗೆ ಕಟ್ಟಬೇಡಿ.

ನೋವಿಗೆ ಒಂದು ಇಂಜೆಕ್ಷನ್ ತೆಗೆದುಕೊಂಡರೆ ಏನಾಗುತ್ತದೆ?

ಕಾಫಿ ಕೊಯ್ಲಿನ ಸಮಯದಲ್ಲಿ ಕತ್ತಿ ತಗುಲಿದ ಕಾಲಿನೊಂದಿಗೆ ಒಬ್ಬರು ಬಂದಿದ್ದರು. ಹೆಸರು ಬೇಡ, ಕ್ಲಿನಿಕ್ಕೊಂದರಲ್ಲಿ ಮೂರು ದಿನ ಬೆಳಗ್ಗೆ ಸಂಜೆ ಡೈಕ್ಲೋಫೆನಾಕ್, ಜೊತೆಗೆ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಚುಚ್ಚಿಸಿಕೊಂಡಿದ್ದರು. ನೋವು ಇಳಿದಿತ್ತು, ಬಾವು ಮೊಣಕಾಲು ದಾಟಿತ್ತು, ಮೂತ್ರ ಬಹುತೇಕ ನಿಂತಿತ್ತು. ನನಗೆ ಅಂದು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಯಾಕೆಂದರೆ ಆ ಎರಡೂ ಔಷಧಗಳು ಶಕ್ತಿಯ ಲೆಕ್ಕ ತಪ್ಪಿದ ಜಾಗಕ್ಕೇ ಹೋಗಿ ಬೀಳುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವುನಿವಾರಕಗಳು ಮೂತ್ರಪಿಂಡದ ರಕ್ತನಾಳಗಳನ್ನು ಅಗಲವಾಗಿಡುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ತಡೆದು, ಮೊದಲೇ ಆಮ್ಲಜನಕಕ್ಕೆ ಬಡವಾದ ಮೆಡುಲ್ಲಾವನ್ನು ಇನ್ನಷ್ಟು ಬಡವಾಗಿಸುತ್ತವೆ. ಜೆಂಟಾಮೈಸಿನ್ ನಾಳಿಕೆಯ ಜೀವಕೋಶಗಳ ಒಳಗೇ ಶೇಖರವಾಗಿ ಮೈಟೋಕಾಂಡ್ರಿಯಾಗಳನ್ನೂ ಕೆಡಿಸಬಲ್ಲದು. ಬೇರೆ ದಾರಿ ಇಲ್ಲದಾಗ ಜೆಂಟಾಮೈಸಿನ್ ಪ್ರಾಣ ಉಳಿಸುವ ಔಷಧವೇ. ರಕ್ತಪರೀಕ್ಷೆ ಇಲ್ಲದೆ ದಿನಗಟ್ಟಲೆ ಕೊಡುವ ಔಷಧ ಮಾತ್ರ ಅಲ್ಲ. ಜ್ವರಕ್ಕೂ ನೋವಿಗೂ ಪ್ಯಾರಸಿಟಮಾಲ್ ಸಾಕು, ಅದೂ ಅಳತೆಯಲ್ಲಿ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಜ್ವರ ಬಂದಾಗಲೂ ಮುಂದುವರಿಸಲೇ?

ಆರೋಗ್ಯದ ದಿನಗಳಲ್ಲಿ ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ಹೆದರಬೇಕಾಗಿಲ್ಲ. ಆದರೆ ಅದು ಮೈಟೋಕಾಂಡ್ರಿಯಾದ ಉಸಿರಾಟ ಸರಪಳಿಯ ಮೊದಲ ಕೊಂಡಿಯನ್ನು ಸ್ವಲ್ಪ ತಡೆಯುತ್ತದೆ ಮತ್ತು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ತೀವ್ರ ಜ್ವರ, ವಾಂತಿ ಭೇದಿ, ಊಟ ಸೇರದ ಸ್ಥಿತಿಯಲ್ಲಿ ಅದು ಒಳಗೇ ಉಳಿದು ಲ್ಯಾಕ್ಟೇಟ್ ಏರಿಸಬಹುದು. ಡಾಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳಿಂದ ಇಂಥ ದಿನಗಳಲ್ಲಿ ರಕ್ತ ಆಮ್ಲೀಯವಾಗುವ ಬೇರೊಂದು ಅಪಾಯವಿದೆ. ಅಂಥ ದಿನ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಎಂದು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಜೀವಕೋಶಕ್ಕೆ ಶಕ್ತಿ ತುಂಬುವ ಔಷಧ ಬಂದಿದೆಯೇ?

ಇಲ್ಲ. ಈ ಉತ್ತರ ಕೇಳಿ ನಿರಾಸೆಯಾಗುವುದು ನಿಮಗೊಬ್ಬರಿಗೇ ಅಲ್ಲ. ಕಾಗದದ ಮೇಲೆ ಚೆನ್ನಾಗಿ ಕಂಡದ್ದು ಮಂಚದ ಬಳಿ ಸೋತ ಉದಾಹರಣೆಗಳು ಸಾಕಷ್ಟಿವೆ. ವಿಟಮಿನ್ ಸಿ ಆಮ್ಲಜನಕದ ಕ್ರಿಯಾಶೀಲ ರೂಪಗಳನ್ನು ತಣಿಸುತ್ತದೆ, ನಂಜಿನಲ್ಲಿ ಅದರ ಮಟ್ಟವೂ ಇಳಿದಿರುತ್ತದೆ. ಆದರೆ 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟವರಲ್ಲಿ ಸಾವು ಅಥವಾ ಅಂಗವೈಫಲ್ಯ ಮುಂದುವರಿಯುವುದು ಹೆಚ್ಚೇ ಆಯಿತು. ಕೊಬ್ಬನ್ನು ಮೈಟೋಕಾಂಡ್ರಿಯಾಕ್ಕೆ ದಾಟಿಸುವ ಕಾರ್ನಿಟಿನ್ ಕೊಟ್ಟು ನೋಡಿದ್ದರಲ್ಲೂ ನಿರೀಕ್ಷಿಸಿದ ಲಾಭ ಸಿಗಲಿಲ್ಲ. ಎನ್‌ಎಡಿ ಹೆಚ್ಚಿಸಲು ನಿಕೋಟಿನಮೈಡ್ ಕೊಡುವ ವಿಚಾರ ಇಲಿಗಳಲ್ಲಿ ಆಶಾದಾಯಕವಾಗಿದೆ, ಹೃದಯದ ಶಸ್ತ್ರಚಿಕಿತ್ಸೆಯಾದವರ ಸಣ್ಣ ಗುಂಪಿನಲ್ಲಿ ಆರಂಭಿಕ ಪ್ರಯೋಗವೂ ನಡೆದಿದೆ. ಸೆಪ್ಸಿಸ್‌ಗೆ ಬರೆದುಕೊಡುವ ಹಂತಕ್ಕೆ ಅದು ಬಂದಿಲ್ಲ.

ಒಂದು ಅಪವಾದ ಥಯಮಿನ್, ಅಂದರೆ ವಿಟಮಿನ್ ಬಿ1. ಒಡೆದ ಗ್ಲೂಕೋಸ್ ಮೈಟೋಕಾಂಡ್ರಿಯಾದೊಳಗೆ ಹೋಗುವ ಬಾಗಿಲಿನ ಕೀಲಿ ಅದು. ವರ್ಷಗಟ್ಟಲೆ ಹೆಚ್ಚು ಕುಡಿಯುವವರಲ್ಲಿ ಇದು ಖಾಲಿಯಾಗಿರುತ್ತದೆ. ಅಂಥವರಿಗೆ ನಾವು ಥಯಮಿನ್ ಕೊಡುತ್ತೇವೆ. ಆದ್ದರಿಂದ ರೋಗಿ ಎಷ್ಟು ಕುಡಿಯುತ್ತಾರೆ ಎಂದು ಕೇಳಿದಾಗ, ಮರ್ಯಾದೆಯ ಪ್ರಶ್ನೆಯೆಂದುಕೊಳ್ಳದೆ ಇದ್ದದ್ದನ್ನು ಇದ್ದಂತೆ ಹೇಳಿ.

ಹಾಗಾದರೆ ಚಿಕಿತ್ಸೆ ಎಂದರೆ ಏನು?

ಜೀವಕೋಶದೊಳಗೆ ಗಂಟೆ ಬಾರಿಸುತ್ತಿರುವ ಸೋಂಕನ್ನು ನಿಲ್ಲಿಸುವುದು, ಜೀವಕೋಶದ ಮೇಲೆ ಹೊಸ ಹೊರೆ ಹೇರದೆ ಇರುವುದು, ಕಾಯುವುದು. ಸೆಪ್ಟಿಕ್ ಶಾಕ್ ಇದ್ದರೆ ಆಂಟಿಬಯಾಟಿಕ್‌ನ ಮೊದಲ ಡೋಸ್ ಒಂದು ಗಂಟೆಯೊಳಗೆ ಒಳಗೆ ಹೋಗಬೇಕು. ಕೀವಿದ್ದರೆ ಕೊಯ್ದು ತೆಗೆಯಬೇಕು, ಮೂತ್ರನಾಳ ಕಲ್ಲಿನಿಂದ ಕಟ್ಟಿದ್ದರೆ ಬಿಡಿಸಬೇಕು. ಒಳಗೆ ಕೀವು ಬಿಟ್ಟು ಎಷ್ಟು ದುಬಾರಿ ಔಷಧ ಹಾಕಿದರೂ ನೀರಲ್ಲಿ ಹೋಮ ಮಾಡಿದಂತೆ. ಮೊದಲ ಗಂಟೆಗಳಲ್ಲಿ ದ್ರವ ಧಾರಾಳವಾಗಿ ಬೇಕು, ಸರಾಸರಿ ರಕ್ತದೊತ್ತಡವನ್ನು 65ರ ಆಸುಪಾಸಿನಲ್ಲಿ ಹಿಡಿಯಲು ನಾರ್‌ಅಡ್ರಿನಾಲಿನ್ ಬೇಕು. ಆಮೇಲೆ ದ್ರವವನ್ನು ಬಿಗಿಹಿಡಿಯಬೇಕು. ಮೂತ್ರ ಬರುತ್ತಿಲ್ಲವೆಂದು ಬಾಟಲಿ ಮೇಲೆ ಬಾಟಲಿ ಏರಿಸಿದರೆ ಮೂತ್ರಪಿಂಡವೇ ನೀರು ಕುಡಿದು ಊದಿಕೊಳ್ಳುತ್ತದೆ, ಶ್ವಾಸಕೋಶವೂ ತುಂಬುತ್ತದೆ. "ಡ್ರಿಪ್ ನಿಲ್ಲಿಸಿಬಿಟ್ಟಿದ್ದಾರೆ, ನೋಡಿಕೊಳ್ಳುತ್ತಿಲ್ಲ" ಎಂದು ಮನೆಯವರು ಬೇಸರಿಸಿಕೊಳ್ಳುವ ದಿನ ಹಲವು ಬಾರಿ ರೋಗಿಗೆ ಒಳ್ಳೆಯ ದಿನ.

ಡಯಾಲಿಸಿಸ್ ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ಮಾಡಬೇಕಂತೆ, ಹೌದೇ?

ಈ ಭಯದಿಂದ ಸಹಿ ಹಾಕದೆ ರಾತ್ರಿ ಕಳೆದವರಿದ್ದಾರೆ. ಜೀವನಪೂರ್ತಿ ಡಯಾಲಿಸಿಸ್ ಬೇಕಾಗುವುದು ಹೆಚ್ಚಾಗಿ ವರ್ಷಗಳಿಂದ ಸವೆದ ಮೂತ್ರಪಿಂಡಗಳಿಗೆ. ನಂಜಿನಲ್ಲಿ ಮಾಡುವುದು ಊರುಗೋಲಿನಂತೆ: ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಏರಿದಾಗ, ರಕ್ತ ತೀರಾ ಆಮ್ಲೀಯವಾದಾಗ, ಶ್ವಾಸಕೋಶದಲ್ಲಿ ನೀರು ತುಂಬಿದಾಗ ಅದು ಬೇಕು. ಬದುಕಿ ಉಳಿದವರಲ್ಲಿ ಬಹು ಮಂದಿ ಅದರಿಂದ ಹೊರಬರುತ್ತಾರೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದೇ ಎಂಬುದನ್ನು ಪರೀಕ್ಷಿಸಲು ನಡೆಸಿದ, 2020ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಆತುರದಿಂದ ಸಾವು ಕಡಿಮೆಯಾಗಲಿಲ್ಲ. ಬೇಗ ಶುರುಮಾಡಿದವರಲ್ಲಿ 90 ದಿನಗಳ ನಂತರವೂ ಡಯಾಲಿಸಿಸ್‌ನಲ್ಲೇ ಉಳಿದವರು ಹೆಚ್ಚಿದ್ದರು. ವಿಶ್ರಾಂತಿಗೆ ಕೂತ ಜೀವಕೋಶಕ್ಕೆ ಡಯಾಲಿಸಿಸ್ ಸಮಯದ ರಕ್ತದೊತ್ತಡದ ಏರಿಳಿತವೂ ಒಂದು ಹೊರೆಯೇ. ಆದ್ದರಿಂದ ವೈದ್ಯರು "ಇವತ್ತು ನೋಡೋಣ" ಎಂದರೆ ಅದು ಉದಾಸೀನವಲ್ಲ.

ಮನೆಯಿಂದ ಯಾವಾಗ ಹೊರಡಬೇಕು?

ಜ್ವರದ ಜೊತೆ ಉಸಿರು ವೇಗವಾದರೆ, ಮಾತು ತೊದಲಿದರೆ ಅಥವಾ ಮಂಕಾದರೆ, ಕೈಕಾಲು ತಣ್ಣಗಾದರೆ, ಎಂಟು ಹತ್ತು ಗಂಟೆ ಮೂತ್ರ ಹೋಗದಿದ್ದರೆ ಆಗಲೇ ಹೊರಡಿ. ಬೆಳಗಾಗಲಿ, ಮಳೆ ನಿಲ್ಲಲಿ ಎಂದು ಕಾಯಬೇಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನ ದಾರಿ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಕಡಿದುಹೋದದ್ದು ಯಾರೂ ಮರೆತಿಲ್ಲ. ದೂರದ ದೊಡ್ಡ ಆಸ್ಪತ್ರೆಗೆ ನೇರವಾಗಿ ಓಡುವುದಕ್ಕಿಂತ ಹತ್ತಿರದ ಆಸ್ಪತ್ರೆಯಲ್ಲಿ, ಅದು ಮಡಿಕೇರಿಯ ವೈದ್ಯಕೀಯ ಕಾಲೇಜಿನದಾಗಲಿ ವಿರಾಜಪೇಟೆ, ಸೋಮವಾರಪೇಟೆಯದಾಗಲಿ, ಮೊದಲ ಡೋಸ್ ಆಂಟಿಬಯಾಟಿಕ್ ಮತ್ತು ಡ್ರಿಪ್ ಹಾಕಿಸಿಕೊಂಡು 108ರಲ್ಲಿ ಮುಂದೆ ಹೋಗುವುದು ಮೂತ್ರಪಿಂಡಕ್ಕೆ ಒಳ್ಳೆಯದು. ಹೊರಡುವಾಗ ದಿನನಿತ್ಯದ ಮಾತ್ರೆಗಳ ಪಟ್ಟಿಗಳನ್ನೂ ಹಿಂದಿನ ರಕ್ತಪರೀಕ್ಷೆಯ ಚೀಟಿಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ. ಹಳೆಯ ಕ್ರಿಯಾಟಿನಿನ್ ಎಷ್ಟಿತ್ತೆಂದು ತಿಳಿದರೆ ನಮ್ಮ ಅರ್ಧ ಗೊಂದಲ ಕಡಿಮೆ.

ಗುಣವಾಗಿ ಮನೆಗೆ ಬಂದಿದ್ದಾರೆ, ಕ್ರಿಯಾಟಿನಿನ್ ಸರಿಯಾಗಿದೆ. ಇನ್ನೇನು ನೋಡಬೇಕು?

ಮೂರು ತಿಂಗಳಿಗೆ ಇನ್ನೊಮ್ಮೆ ಕ್ರಿಯಾಟಿನಿನ್, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ, ರಕ್ತದೊತ್ತಡ. ಕಾರಣ ಮತ್ತೆ ಅದೇ ಒಲೆ. ಚೇತರಿಸಿಕೊಂಡ ನಾಳಿಕೆಯ ಜೀವಕೋಶಗಳಲ್ಲಿ ಹೆಚ್ಚಿನವು ಕೊಬ್ಬು ಉರಿಸುವ ಹಳೆಯ ಪದ್ಧತಿಗೆ ಮರಳುತ್ತವೆ, ಕೆಲವು ಮರಳುವುದಿಲ್ಲ. ಮರಳದೆ ಉಳಿದವುಗಳ ಸುತ್ತ ನಾರಿನ ಅಂಶ ಬೆಳೆಯುತ್ತಾ ಹೋಗುವುದು ಇಲಿಗಳಲ್ಲೂ, ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಮನುಷ್ಯರ ಅಂಗಾಂಶದಲ್ಲೂ ಕಂಡಿದೆ. ಅದಕ್ಕೆ ನೋವಿಲ್ಲ, ಲಕ್ಷಣವಿಲ್ಲ. ಆಗಸ್ಟ್‌ನಲ್ಲಿ ಇಲಿಜ್ವರದಿಂದ ಮಲಗಿದವರ ಮೂರು ತಿಂಗಳು ನವೆಂಬರಿಗೆ ಮುಗಿಯುತ್ತದೆ. ಡಿಸೆಂಬರಿನಲ್ಲಿ ಕೊಯ್ಲು ಬಿರುಸಾದರೆ ಯಾರೂ ತೋಟ ಬಿಟ್ಟು ರಕ್ತ ಕೊಡಲು ಪೇಟೆಗೆ ಬರುವುದಿಲ್ಲವೆಂದು ಗೊತ್ತಿರುವುದರಿಂದ, ಡಿಸ್ಚಾರ್ಜ್ ಚೀಟಿಯಲ್ಲಿ ನಾನು "ಮೂರು ತಿಂಗಳ ನಂತರ" ಎಂದು ಬರೆಯುವುದನ್ನು ಬಿಟ್ಟು "ಕೊಯ್ಲು ಶುರುವಾಗುವ ಮುಂಚೆ" ಎಂದು ಬರೆಯುತ್ತೇನೆ.